ಪರದೆಯ ಹಿಂದಿನ ಹುಡುಗ

ಡಚ್ಚರ ದೇಶದ ಆಮರ್ಸ್‌ಫೋರ್ಟಿನ ಆ ಬಾಡಿಗೆ ಮನೆಯಲ್ಲಿ ನಮಗಿಂತ ಮೊದಲೇ ಮೂವರು ವಾಸವಾಗಿದ್ದರು. ಚೂರಿ ಹಿಡಿದ ಒಬ್ಬ ಮುದುಕ, ಅವನ ಕೈಯಡಿಯಲ್ಲಿ ಕಟ್ಟಿಹಾಕಿದ ಒಬ್ಬ ಹುಡುಗ, ಮುದುಕನ ಮಣಿಕಟ್ಟನ್ನು ಹಿಂದಿನಿಂದ ಗಬಕ್ಕನೆ ಹಿಡಿದುಕೊಂಡ ಒಬ್ಬ ದೇವದೂತ. ಊಟದ ಮೇಜಿನ ಪಕ್ಕದ ಗೋಡೆಯ ಬಹುಪಾಲು ಅವರದೇ. ಮನೆಯ ಒಡತಿಯನ್ನು ನಾವು ತಾಂತೆ ರಿಯಾ ಎನ್ನುತ್ತಿದ್ದೆವು. ತಾಂತೆ ಎಂದರೆ ಅತ್ತೆಯೂ ಹೌದು, ಚಿಕ್ಕಮ್ಮನೂ ಹೌದು. ಡಚ್ಚರಿಗೆ ಅಷ್ಟೂ ಜನಕ್ಕೆ ಒಂದೇ ಪದ ಸಾಕು. ಆಕೆಯ ಗಂಡ ಶಾಲಾ ಮೇಷ್ಟ್ರಾಗಿದ್ದವರು, ರಜೆ ಸಿಕ್ಕಾಗ ಚಿತ್ರ ಬರೆಯುತ್ತಿದ್ದವರು. ಈ ಮೂವರಿರುವ ನೂರಾರು ವರ್ಷ ಹಳೆಯ ಡಚ್ ಚಿತ್ರವೊಂದನ್ನು ನೋಡಿ ಅದರ ನಕಲನ್ನು ಅದೇ ಕೋಣೆಯಲ್ಲಿ ನಿಂತು ಬರೆದಿದ್ದರಂತೆ. ಎಲ್ಲ ಮುಗಿದು ಚೌಕಟ್ಟು ಹಾಕಿಸಿದ ಮೇಲೆ ಗೊತ್ತಾಗಿದ್ದು, ಅದು ಯಾವ ಬಾಗಿಲಿನಿಂದಲೂ ಆಚೆ ಹೋಗುವುದಿಲ್ಲವೆಂದು. ಮೇಷ್ಟ್ರು ತೀರಿಕೊಂಡ ನಂತರ ತಾಂತೆ ರಿಯಾ ಎರಡು ಬೀದಿಯಾಚೆ ಲಿಫ್ಟ್ ಇರುವ ಫ್ಲ್ಯಾಟಿಗೆ ಹೋದರು. ಚಿತ್ರ ಹೋಗಲಿಲ್ಲ. ಮನೆ ನೋಡಲು ಹೋದ ದಿನವೇ ಆಕೆ ನನ್ನ ತಂದೆಗೆ ಷರತ್ತು ಹಾಕಿದರು: ಸೋಫಾ ಬೇಡವಾದರೆ ಹೇಳಿ, ತೆಗೆಸುತ್ತೇನೆ, ಚಿತ್ರ ಮಾತ್ರ ಇದ್ದಲ್ಲೇ ಇರಬೇಕು, ತಿಂಗಳಿಗೊಮ್ಮೆ ನಾನು ಬಂದು ನೋಡಬೇಕು. ಅಬ್ಬಾ ಒಪ್ಪಿದರು. ನ್ಯೂವೆಗೈನ್‌ನ ಆಫೀಸಿಗೆ ಹೋಗಿಬರಲು ಅನುಕೂಲವಾದ, ನಮ್ಮ ಕೈಗೆಟುಕುವ ಮನೆ ಅದೊಂದೇ ಇತ್ತು.

ಒಪ್ಪಿಕೊಂಡು ಬಂದ ಮೊದಲ ಸಂಜೆಯೇ ತೊಂದರೆ ಶುರುವಾಯಿತು. ನಮಾಜಿಗೆ ಮುಖ ಮಾಡಬೇಕಾದ ಕಿಬ್ಲಾದ ದಿಕ್ಕನ್ನು ಅಬ್ಬಾ ನೋಡಿದರೆ ಅದು ಸೀದಾ ಆ ಗೋಡೆಗೇ ಬರುತ್ತಿತ್ತು. ಪ್ರಾಣಿ, ಮನುಷ್ಯರ ಚಿತ್ರದ ಎದುರು ನಮಾಜ್ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲೂ ಇದು ಯಾರ ಚಿತ್ರ? ಬಕ್ರೀದ್ ಹಬ್ಬ ಯಾರ ನೆನಪಿನಲ್ಲಿ ಮಾಡುತ್ತೇವೋ ಅದೇ, ದೇವರ ಅಪ್ಪಣೆಗೆ ಮಗನನ್ನೇ ಬಲಿ ಕೊಡಲು ಹೊರಟ ಹಜರತ್ ಇಬ್ರಾಹಿಂರದ್ದು. ಅವರಂಥ ಪೈಗಂಬರರ ಚಿತ್ರ ಬರೆಯುವುದೇ ನಮ್ಮಲ್ಲಿ ಇಲ್ಲ, ಅಂಥದ್ದರಲ್ಲಿ ಅವರು ನಮ್ಮ ಅನ್ನದ ತಟ್ಟೆಯ ಪಕ್ಕ ದಿನವಿಡೀ ಚೂರಿ ಎತ್ತಿ ನಿಂತಿದ್ದರು. ಮಹಡಿಯ ಮೇಲೆ ಹೋಗೋಣವೆಂದರೆ ಅಲ್ಲಿನ ಕೋಣೆಗಳು ಮಂಚ ಹಾಕಿದರೆ ಮುಗಿಯಿತು, ಸಜ್ದಾಕ್ಕೆ ಬಗ್ಗಿದರೆ ಹಣೆ ಮಂಚದ ಕಾಲಿಗೆ ಬಡಿಯುತ್ತಿತ್ತು. ಕೊನೆಗೆ ನನ್ನ ತಾಯಿಯೇ ದಾರಿ ಹುಡುಕಿದ್ದು. ಚೌಕಟ್ಟಿನ ಮೇಲೆ ಒಂದು ಸರಳು ಹೊಡೆಸಿ, ಉಂಗುರ ಪೋಣಿಸಿ, ಮನೆಯಲ್ಲಿದ್ದ ನೀಲಿ ಹಾಸಿಗೆ ಹೊದಿಕೆಯೊಂದನ್ನು ಪರದೆ ಮಾಡಿ ತೂಗಿಬಿಟ್ಟರು. ನಮಾಜಿನ ಹೊತ್ತಿಗೆ ಎಳೆಯುವುದು, ಆಮೇಲೆ ಸರಿಸುವುದು. ಸದಾ ಎಳೆದೇ ಇಡಬಹುದಿತ್ತು, ಆದರೆ ಒಡತಿಗೆ ಕೊಟ್ಟ ಮಾತಿದೆಯಲ್ಲ ಎಂದು ಅಬ್ಬಾ ತಲೆ ಕೆರೆದುಕೊಂಡು ಈ ಮಧ್ಯದ ಹಾದಿಗೆ ಬಂದರು. ಪರದೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನಿನ್ನೂ ಚಿಕ್ಕವಳು, ಕುರ್ಚಿ ಹತ್ತಿ ಎಳೆಯಬೇಕಾಗಿತ್ತು.

"ರೇಷ್ಮಾ, ಆ ಮುದುಕಪ್ಪನ್ನ ಮುಚ್ಚು, ಟೈಮ್ ಆಯ್ತು" ಎಂದು ಅಮ್ಮಿ ಅಡುಗೆಮನೆಯಿಂದ ಕೂಗಿದರೆ ಅಬ್ಬಾ ಕೈಕಾಲು ತೊಳೆದು ವಜೂ ಮಾಡುತ್ತಿದ್ದ ಕಡೆಯಿಂದಲೇ ಗದರುತ್ತಿದ್ದರು:

"ಮುದುಕಪ್ಪ ಗಿದುಕಪ್ಪ ಅನ್ಬೇಡ ಜಬೀನ್, ಮಗು ಕಲೀತದೆ."

"ಹಂಗಾದ್ರೆ ಏನನ್ಲಿ? ಹಜರತ್ ಅಂದ್ರೆ ಆ ಚಿತ್ರ ಅವರದ್ದು ಅಂತ ಒಪ್ಪಿಕೊಂಡಂಗೆ. ಮುದುಕಪ್ಪ ಅಂದ್ರೆ ಯಾರೋ ಒಬ್ಬ."

ಅಮ್ಮಿಯ ವಾದ ಯಾವಾಗಲೂ ಹೀಗೆ, ಬಟ್ಟೆ ಮಡಿಸಿದ ಹಾಗೆ ಅಂಚಿಗೆ ಅಂಚು ಕೂಡಿರುತ್ತಿತ್ತು. ಅಬ್ಬಾ ನಮಾಜಿಗೆ ನಿಲ್ಲುತ್ತಿದ್ದರು.

ಪರದೆ ನೋಡಿದರೆ ತಾಂತೆ ರಿಯಾ ಏನೆನ್ನುತ್ತಾರೋ ಎಂಬ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು. ಆಕೆ ಬರುವ ದಿನ ಅಮ್ಮಿ ಹೊದಿಕೆಗೆ ಇಸ್ತ್ರಿ ಹಾಕಿದರು, ಅದೇನು ಲಾಭವೋ. ಆಕೆ ಬಂದು, ಕೋಟು ಬಿಚ್ಚಿ, ಚಿತ್ರದ ಮುಂದೆ ನಿಂತು, ಸರಳನ್ನು ನೋಡಿದರು, ಉಂಗುರಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಎರಡೂ ಕೈ ಕೆನ್ನೆಗಿಟ್ಟುಕೊಂಡು ಡಚ್ಚಿನಲ್ಲಿ ಏನೇನೋ ಹೇಳತೊಡಗಿದರು. ಅಬ್ಬಾನಿಗೆ ಆಗ ಡಚ್ ಬಾರದು, ಅಮ್ಮಿಗೂ ಬಾರದು. ಶಾಲೆಗೆ ಹೋಗುತ್ತಿದ್ದ ನನ್ನನ್ನೇ ನಡುವೆ ನಿಲ್ಲಿಸುತ್ತಿದ್ದರು. ನನಗೆ ಅರ್ಥವಾದಷ್ಟು ಇದು: ಹಿಂದಿನ ಕಾಲದಲ್ಲಿ ಈ ದೇಶದ ಒಳ್ಳೆಯ ಮನೆಗಳಲ್ಲಿ ಬೆಲೆಬಾಳುವ ಚಿತ್ರಗಳಿಗೆ ಹೀಗೇ ಪರದೆ ಕಟ್ಟುತ್ತಿದ್ದರಂತೆ, ಧೂಳು ಬಿಸಿಲು ತಾಗದಿರಲಿ ಎಂದು. ತನ್ನ ಗಂಡನ ಚಿತ್ರಕ್ಕೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ ಎಂದು ಆಕೆಯ ಕಣ್ಣಲ್ಲಿ ನೀರು. ಮುಂದಿನ ಸಲ ಬರುವಾಗ ಹೊದಿಕೆಯ ಬದಲು ಹಸಿರು ಮಖಮಲ್ಲಿನ ಪರದೆ ತಾವೇ ಹೊಲಿದು ತಂದರು. ಅಬ್ಬಾ ಅದನ್ನು ಕೈಯಲ್ಲಿ ಹಿಡಿದು ನಿಂತದ್ದು, "ಏನ್ ಹೇಳೋದು ಇವರಿಗೆ?" ಎಂದು ಅಮ್ಮಿಯನ್ನು ನೋಡಿದ್ದು, ಅಮ್ಮಿ "ಥ್ಯಾಂಕ್ಸ್ ಹೇಳಿ, ಇನ್ನೇನು" ಅಂದದ್ದು ಚೆನ್ನಾಗಿ ನೆನಪಿದೆ. ನಿಜ ಹೇಳುವಷ್ಟು ಡಚ್ ನನಗೆ ಬಂದಮೇಲೂ ಯಾರೂ ನಿಜ ಹೇಳಿಸಲಿಲ್ಲ. ಮಖಮಲ್ಲು ದಪ್ಪವಾಗಿದ್ದರಿಂದ ನಮಾಜಿಗೂ ಅದೇ ಒಳ್ಳೆಯದಾಯಿತು.

ನಮ್ಮ ಮನೆಯ ಮಾತು ಆಗ ಕಿಚಡಿ. ಅಬ್ಬಾ ಗದಗದವರು, ಕನ್ನಡ ಶಾಲೆಯಲ್ಲಿ ಓದಿದವರು. ಅಮ್ಮಿ ಶಿವಮೊಗ್ಗದವರು, ಬೆಂಗಳೂರಿನಲ್ಲಿ ಬೆಳೆದವರು. ಪ್ರೀತಿ ಹೆಚ್ಚಾದರೆ, ಸಿಟ್ಟು ಹೆಚ್ಚಾದರೆ ದಖನಿ ಉರ್ದು. ಮಿಕ್ಕ ಹೊತ್ತೆಲ್ಲ ಕನ್ನಡ, ಅದಕ್ಕೆ ಸಾಕಷ್ಟು ಇಂಗ್ಲಿಷು. ನಾನು ಡಚ್ಚನ್ನು ಶಾಲೆಯಿಂದ ಶೂಗಳಿಗೆ ಮೆತ್ತಿದ ಕೆಸರಿನ ಹಾಗೆ ಮನೆಯೊಳಕ್ಕೆ ತರುತ್ತಿದ್ದೆ. ಊಟದ ಮೇಜಿನಲ್ಲಿ ನನ್ನ ಜಾಗ ಗೋಡೆ ಕಡೆಗೆ, ಚಿತ್ರದ ಹುಡುಗನಿಗೆ ಎಲ್ಲರಿಗಿಂತ ಹತ್ತಿರ. ಜೋಳದ ರೊಟ್ಟಿಗೆ ಹಿಟ್ಟನ್ನು ಅಮ್ಮಿ ಸುರಿನಾಮಿನವರ ಅಂಗಡಿಯಿಂದ ತರುತ್ತಿದ್ದರು, ಬಡಿದರೆ ಬಿರುಕು ಬಿಡುತ್ತಿತ್ತು, ಬಿರುಕಿನ ರೊಟ್ಟಿಗಳೆಲ್ಲ ನನಗೆ. ಅದನ್ನು ಜಗಿಯುತ್ತಾ ನಾನು ಹುಡುಗನನ್ನು ನೋಡುತ್ತಿದ್ದೆ. ಅವನ ಮುಖ ಕಾಣಿಸುತ್ತಿರಲಿಲ್ಲ. ಅಪ್ಪನ ದೊಡ್ಡ ಅಂಗೈ ಇಡೀ ಮುಖವನ್ನು ಮುಚ್ಚಿ ಹಿಂದಕ್ಕೆ ಒತ್ತಿತ್ತು. ಬರೀ ಕತ್ತು, ಎದೆ, ಮಡಚಿದ ಕಾಲು. ಮೇಷ್ಟ್ರಿಗೆ ಹೊಟ್ಟೆ ಬರೆಯಲು ಸರಿಯಾಗಿ ಬಂದಿರಲಿಲ್ಲ, ಊಟವಾದವನ ಹೊಟ್ಟೆಯ ಹಾಗೆ ಉಬ್ಬಿತ್ತು. ಅವನಿಗೆ ಉಸಿರು ಕಟ್ಟುವುದಿಲ್ಲವೇ ಎನ್ನುವುದು ನನ್ನ ದೊಡ್ಡ ಚಿಂತೆ. ಪರದೆ ಎಳೆಯುವಾಗ ಅವನ ಬದಿಗೆ ಎರಡು ಬೆರಳಷ್ಟು ಸಂದು ಬಿಟ್ಟೇ ಎಳೆಯುತ್ತಿದ್ದೆ.

ನನಗೆ ಹತ್ತು ತುಂಬುವ ಹೊತ್ತಿಗೆ ಅಮ್ಮಿ ಎರಡನೇ ಬಸುರಿ. ಬಾಣಂತನಕ್ಕೆಂದು ಗದಗದಿಂದ ನನ್ನ ದಾದಿ, ಅಬ್ಬಾನ ತಾಯಿ, ಬಂದರು. ದಾದಿ ಅಬ್ಬಾನ ಅಣ್ಣನಾದ ದೊಡ್ಡಬ್ಬಾನ ಮನೆಯಲ್ಲಿ ಮೊಮ್ಮಕ್ಕಳ ಹಿಂಡಿನ ನಡುವೆ ರಾಣಿಯ ಹಾಗೆ ಇದ್ದವರು. ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಸೀರೆಯ ಮೇಲೆ ಮಗನ ಸ್ವೆಟರು, ಅದರ ಮೇಲೆ ಶಾಲು ಹೊದ್ದು, ತಳ್ಳುಗಾಡಿಯನ್ನು ಯಾರಿಗೂ ಕೊಡದೆ ತಾವೇ ತಳ್ಳಿಕೊಂಡು ಬಂದರು. ಮನೆಯೊಳಗೆ ಕಾಲಿಟ್ಟು ಗೋಡೆ ನೋಡಿದವರೇ ನಿಂತುಬಿಟ್ಟರು.

"ಏನೋ ಇದು, ಉಣ್ಣೂ ಜಾಗಾದಾಗ? ಕಟಗನ ಅಂಗಡಿ ಏನಿದು?"

ಅಬ್ಬಾ ಮೆಲ್ಲಗೆ ಇದು ಯಾರೆಂದು ಹೇಳಿದರು. ದಾದಿ ಎರಡೂ ಕೆನ್ನೆ ಬಡಿದುಕೊಂಡರು.

"ತೌಬಾ, ತೌಬಾ! ಎಳಿ ಮೊದಲ ಪರದಾ!"

ಅಂದಿನಿಂದ ಪರದೆ ಸರಿಸುವುದು ತಾಂತೆ ರಿಯಾ ಬಂದ ದಿನ ಮಾತ್ರ. ದಾದಿ ಆ ದಿನ ಗೋಡೆಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಿದ್ದರು. ಹಾಗಂತ ಇಬ್ಬರು ಮುದುಕಿಯರಿಗೂ ಮನಸ್ತಾಪವೇನಿರಲಿಲ್ಲ. ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಡಚ್. ಮಂಡಿನೋವನ್ನು ಇಬ್ಬರೂ ಅಭಿನಯ ಮಾಡಿ ತೋರಿಸಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ತಾಂತೆ ರಿಯಾ ಒಂದು ಬಿಸ್ಕತ್ತು ತಿಂದು ಡಬ್ಬಿ ಮುಚ್ಚುವುದು ಮಾತ್ರ ದಾದಿಗೆ ಜೀರ್ಣವಾಗುತ್ತಿರಲಿಲ್ಲ.

ದಿನ ತುಂಬುವ ಮೊದಲೇ ತಮ್ಮ ಹುಟ್ಟಿದ. ಅಮ್ಮಿಗೆ ಬಿ.ಪಿ. ಏರಿ ಆಸ್ಪತ್ರೆಯಲ್ಲಿ ಬಹಳ ದಿನ ಉಳಿಯಬೇಕಾಯಿತು, ತಮ್ಮ ಗಾಜಿನ ಪೆಟ್ಟಿಗೆಯಲ್ಲಿ. ಅಬ್ಬಾ ಆಫೀಸಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ. ಮನೆಯಲ್ಲಿ ನಾನು, ದಾದಿ. ಈ ದಿನಗಳಲ್ಲೇ ಶಾಲೆಯಲ್ಲಿ ಟೀಚರು ಆ ಚಿತ್ರದ ಕಥೆ ಹೇಳಿದರು. ನಮ್ಮದು ಕ್ರೈಸ್ತರ ಶಾಲೆ, ಮನೆಗೆ ಹತ್ತಿರವೆಂದು ಸೇರಿಸಿದ್ದು. ಕಥೆ ಶುರುವಾದ ಕೂಡಲೇ ನಾನು ಕೈ ಎತ್ತಿ, ಈ ಚಿತ್ರ ನಮ್ಮ ಮನೆಯಲ್ಲಿದೆ ಅಂದೆ. ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಅಲ್ಲಿಯವರೆಗೆ ನನ್ನ ಬಳಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆ ಹುಡುಗನ ಹೆಸರು ಇಸಾಕ್ ಎಂದು ಟೀಚರು ಹೇಳಿದಾಗ, ನಮ್ಮ ಗೋಡೆಯ ಹುಡುಗನಿಗೆ ಕೊನೆಗೂ ಹೆಸರು ಸಿಕ್ಕಿತೆಂದು ಖುಷಿಯಿಂದ ಕುಣಿಯುತ್ತಾ ಮನೆಗೆ ಬಂದೆ. ದಾದಿ ನನ್ನ ತಲೆಗೆ ಎಣ್ಣೆ ಹಚ್ಚಲು ಕೂರಿಸಿಕೊಂಡರು.

"ದಾದಿ, ಆ ಹುಡುಗ ಇಸಾಕ್ ಅಂತೆ."

"ಯಾವ ಹುಡುಗ?"

"ಪರದೆ ಹಿಂದಿನವನು. ಇಬ್ರಾಹಿಂ ಅವರ ಮಗ."

ಎಣ್ಣೆಯ ಕೈ ನಿಂತಿತು.

"ಇಸ್ಮಾಯಿಲ್ ಅದಾನವ್ವಾ ಅಂವ. ಇಸ್ಮಾಯಿಲ್."

"ಅಲ್ಲ ದಾದಿ, ನೀವು ಹೇಳೋದು ತಪ್ಪು. ಟೀಚರ್ ಪುಸ್ತಕದಲ್ಲಿ ತೋರಿಸಿದ್ರು."

ಬೈಬಲ್ಲಿನಲ್ಲಿ ಬಲಿಗೆ ಹೋಗುವವನು ಇಸಾಕ್, ನಮ್ಮಲ್ಲಿ ಅವನ ಅಣ್ಣ ಇಸ್ಮಾಯಿಲ್ ಎಂಬುದು ನನಗಾಗ ತಿಳಿಯದು. ತಪ್ಪು ಎಂಬ ಮಾತನ್ನು ನಾನು ಡಚ್ಚಿನಲ್ಲಿ ಹೇಳುವಷ್ಟೇ ಸಲೀಸಾಗಿ ಹೇಳಿದ್ದೆ. ಡಚ್ಚರಲ್ಲಿ ಮಕ್ಕಳು ಅಜ್ಜಿಗೆ ಹಾಗೆ ಹೇಳುತ್ತಾರೆ, ಅಜ್ಜಿ ಕಾಫಿ ಕುಡಿಯುತ್ತಾ ಕೇಳುತ್ತಾರೆ. ದಾದಿ ಮಾತ್ರ ಎಣ್ಣೆ ಬಟ್ಟಲನ್ನು ನೆಲಕ್ಕಿಟ್ಟು, ಜಡೆ ಹಾಕದೆಯೇ ಎದ್ದುಹೋದರು. ಅಬ್ಬಾ ಬಂದ ಮೇಲೆ ಅಡುಗೆಮನೆಯಲ್ಲಿ ಇಬ್ಬರದೂ ಮಾತು ನಡೆಯಿತು. ಆ ಮನೆಯ ಗೋಡೆಗಳು ತೆಳು, ನಾನು ಮೆಟ್ಟಿಲ ಮೇಲೆ ಕುಳಿತೇ ಎಲ್ಲ ಕೇಳಿಸಿಕೊಂಡೆ.

"ಹುಡುಗಿ ಕೈ ಬಿಟ್ಟ ಹೋಗಾಕತ್ತೈತಿ. ಇವತ್ತ ಇಸ್ಮಾಯಿಲ್ ಅಲ್ಲ ಅಂದ್ಲು, ನಾಳೆ ನೀ ನಮ್ಮಪ್ಪ ಅಲ್ಲ ಅಂತಾಳ. ನಾ ಹೋಗೂ ಮುಂದ ಕರ್ಕೊಂಡ ಹೊಕ್ಕೀನಿ. ಅಲ್ಲೇ ಮಂದ್ಯಾಗ ಬೆಳೀಲಿ."

"ಜಬೀನ್‌ಗ ಒಂದ ಮಾತ ಕೇಳಬೇಕಲ್ಲಮ್ಮಾ."

"ಆಕಿಗೆ ಈಗ ಹೇಳಿದ್ರ ಬಿ.ಪಿ. ಏರ್ತೈತಿ. ಎರಡು ಮಕ್ಕಳನ್ನ ಆಕಿ ಒಬ್ಬಾಕಿ ಹೆಂಗ ನೋಡ್ಕೋತಾಳ? ಆಕಿಗೂ ಹಗುರ ಆಕ್ಕೈತಿ."

ನನ್ನ ತಂದೆ ತಮ್ಮ ತಾಯಿಗೆ ಎದುರು ಮಾತನಾಡಿದ್ದನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ಅಬ್ಬಾ ಹುಡುಗರಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು, ದಾದಿ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ತೊಟ್ಟು ಮುರಿದು ಮಗನನ್ನು ಇಂಜಿನಿಯರ್ ಮಾಡಿದ್ದರು. ಆ ಕೈಯ ಉರಿಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ವಾರ ಕಳೆಯುವುದರಲ್ಲಿ ದಾದಿಯ ಪಕ್ಕದ ಸೀಟಿನಲ್ಲಿ ನನಗೂ ಟಿಕೆಟ್ ಆಯಿತು. ಒಂದು ಭಾನುವಾರ ಅಬ್ಬಾ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಾ, ಮುಖ ತಿರುಗಿಸದೆ ಹೇಳಿದರು.

"ಒಂದ್ ನಾಲ್ಕು ವರ್ಷ ಅಷ್ಟೇ ರೇಷ್ಮಾ. ದೊಡ್ಡಬ್ಬಾನ ಮನೇಲಿ ಎಷ್ಟು ಮಕ್ಕಳಿದ್ದಾರೆ, ನಿಂಗೆ ಬೇಜಾರೇ ಆಗಲ್ಲ. ಅಮ್ಮಿಗೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ. ಆಸ್ಪತ್ರೇಲಿದ್ದಾಳೆ, ಗಾಬರಿ ಆಗ್ತಾಳೆ."

ನಾನು ಹೂಂ ಅಂದೆ. ಅಬ್ಬಾನ ಬೆನ್ನಿಗೆ ಹೂಂ ಅನ್ನುವುದು ಬಿಟ್ಟು ಬೇರೆ ಏನು ಹೇಳಬಹುದು ಎಂದು ನನಗೆ ಹೊಳೆಯಲಿಲ್ಲ. ಆದರೆ ಹೆದರಿಕೆಯಾಗಿತ್ತು, ಬಹಳ ಹೆದರಿಕೆ. ಗದಗದ ಮನೆ ಕೆಟ್ಟದ್ದೇನಲ್ಲ, ರಜೆಗೆ ಹೋದಾಗ ಅಲ್ಲಿ ಕುಣಿದಾಡಿ ಬಂದವಳೇ ನಾನು. ಆದರೆ ಅಮ್ಮಿ ಇಲ್ಲದ ಮನೆ, ನನ್ನನ್ನು ಬಿಟ್ಟು ಅಮ್ಮಿ, ಅಬ್ಬಾ, ತಮ್ಮ ಮೂವರೇ ಮೇಜಿನ ಸುತ್ತ ಕುಳಿತು ಉಣ್ಣುವುದು, ಇದನ್ನು ಯೋಚಿಸಿ ರಾತ್ರಿ ಎದ್ದು ಕೂರುತ್ತಿದ್ದೆ. ಆಸ್ಪತ್ರೆಗೆ ಹೋದಾಗ ಅಮ್ಮಿ "ಯಾಕೆ ಹಿಂಗಿದೀಯ, ದಾದಿ ಬೈದ್ರಾ?" ಎಂದು ಕೇಳಿದರೆ ಇಲ್ಲ ಇಲ್ಲ ಎಂದು ತಮ್ಮನ ಗಾಜಿನ ಪೆಟ್ಟಿಗೆಯ ಕಡೆಗೆ ಓಡುತ್ತಿದ್ದೆ.

ಅಮ್ಮಿ ಮನೆಗೆ ಬಂದರು. ಬಾಣಂತಿಯನ್ನು ನೋಡಿಕೊಳ್ಳಲು ಈ ದೇಶದಲ್ಲಿ ಮನೆಗೇ ಒಬ್ಬ ದಾದಿಯಮ್ಮ, ಅಂದರೆ ನರ್ಸು, ಬರುತ್ತಾಳೆ. ಆಕೆ ಬಂದವಳೇ ಕಿಟಕಿ ತೆಗೆಯುವುದು, ನನ್ನ ದಾದಿ ಹೋಗಿ ಮುಚ್ಚುವುದು. ಆಕೆ ತಂಪು ಹಾಲು, ಚೀಸು ಎನ್ನುವುದು, ದಾದಿ ಅಳ್ವಿ ಪಾಯಸ, ಅಂಟಿನುಂಡೆ ಎನ್ನುವುದು. ಮಗು ಹುಟ್ಟಿದ ಮನೆಯಲ್ಲಿ ಡಚ್ಚರು ಬೆಣ್ಣೆ ಸವರಿದ ರಸ್ಕಿನ ಮೇಲೆ ಸಕ್ಕರೆ ಮೆತ್ತಿದ ಸೋಂಪು ಉದುರಿಸಿ ಬಂದವರಿಗೆಲ್ಲ ಕೊಡುತ್ತಾರೆ. ನರ್ಸು ಅದನ್ನು ಮಾಡಿಕೊಟ್ಟ ದಿನ ದಾದಿ ಅಗಿದು ನೋಡಿ, "ಬಾಣಂತಿಗೆ ಸೋಂಪು ಕೊಡ್ತಾರ ಅಂದಮ್ಯಾಲ ಇವರೂ ತಿಳದ ಮಂದಿನೇ" ಎಂದು ಕಿಟಕಿಯನ್ನು ಅರ್ಧ ತೆರೆದಿಡಲು ಒಪ್ಪಿದರು. ಅಮ್ಮಿಯ ಸ್ನಾನ, ಬೆನ್ನಿಗೆ ಎಣ್ಣೆ, ತಮ್ಮನ ಧೂಪ, ರಾಶಿ ಬಟ್ಟೆ, ಎಲ್ಲವೂ ದಾದಿಯ ಕೈಯಿಂದಲೇ. ಆ ಕೈಗೆ ಅಮ್ಮಿ ಏನೆಂದು ಎದುರು ಹೇಳಬೇಕು? ಅಬ್ಬಾ ಟಿಕೆಟ್ಟಿನ ವಿಷಯ ತಿಳಿಸಿದಾಗ ನಾನು ಬಾಗಿಲ ಬಳಿಯೇ ಇದ್ದೆ. ಅಮ್ಮಿ ಕಿರುಚುತ್ತಾರೆ, ಅಳುತ್ತಾರೆ, ಟಿಕೆಟ್ ಹರಿದು ಹಾಕುತ್ತಾರೆ ಎಂದು ಕಾದಿದ್ದೆ.

"ಎಲ್ಲ ಆಗಿಹೋಗಿದೆಯಲ್ಲ" ಎಂದರು ಅಷ್ಟೇ. ಆಮೇಲೆ ತಮ್ಮನನ್ನು ಎತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದರು.

ನನಗೆ ಅಮ್ಮಿಯ ಮೇಲೆ ಬಂದಷ್ಟು ಸಿಟ್ಟು ಆಗ ಯಾರ ಮೇಲೂ ಬರಲಿಲ್ಲ. ಅಬ್ಬಾ ತಾಯಿಗೆ ಹೆದರುತ್ತಾರೆ, ಗೊತ್ತಿದ್ದದ್ದೇ. ಅಂಚಿಗೆ ಅಂಚು ಕೂಡಿಸಿ ವಾದ ಮಾಡುವ ನನ್ನ ಅಮ್ಮಿಗೆ ಏನಾಯಿತು? ಹೊಸ ಮಗು ಬಂತು, ಹಳೆಯದು ಬೇಡವಾಯಿತು ಎಂದು ನಾನು ತೀರ್ಮಾನಿಸಿಕೊಂಡೆ. ಎಲ್ಲರೊಂದಿಗೂ ಮಾತು ಬಿಟ್ಟೆ. ಬಾಣಂತಿ ಕೋಣೆಗೆ ಹೋಗುವುದನ್ನೂ ಬಿಟ್ಟೆ.

ಆ ವರ್ಷ ಬಕ್ರೀದ್ ಚಳಿಗಾಲದಲ್ಲಿ ಬಂತು. ಊರಿನಲ್ಲಾದರೆ ಬೆಳಿಗ್ಗೆಯೇ ಕುರಿ ಕಡಿದು, ಮೂರು ಪಾಲು ಮಾಡಿ, ನೆಂಟರಿಗೆ, ಬಡವರಿಗೆ ಹಂಚಿ, ಲಿವರಿನ ಕಲೇಜಿ ಹುರಿದು ತಿನ್ನುವ ಹಬ್ಬ. ಇಲ್ಲಿದ್ದ ನಮ್ಮ ಹೆಸರಿನ ಕುರ್ಬಾನಿ, ಅಂದರೆ ಕುರಿಯ ಬಲಿ, ಗದಗದಲ್ಲಿ ದೊಡ್ಡಬ್ಬಾನ ಕೈಯಿಂದಲೇ ಆಗುತ್ತಿತ್ತು. ನಮಗೆ ಮೊರೊಕ್ಕೊದವನ ಅಂಗಡಿಯ ಮಾಂಸ. ಬಾಣಂತಿಯಾದರೂ ಅಮ್ಮಿ ಅಂದು ಎದ್ದು ಬಿರಿಯಾನಿಗೆ ನಿಂತರು. ದಾದಿ ಬೇಡವೆಂದರೂ ಕೇಳಲಿಲ್ಲ. ಮಧ್ಯಾಹ್ನದ ಊಟಕ್ಕೆ ತಾಂತೆ ರಿಯಾಳನ್ನು ಕರೆದಿದ್ದೆವು. ಹಾಗಾಗಿ ಪರದೆ ಸರಿದಿತ್ತು, ದಾದಿ ಗೋಡೆಗೆ ಬೆನ್ನು ಹಾಕಿದ್ದರು, ನಾನು ನನ್ನ ಜಾಗದಲ್ಲಿ. ಮೂರು ದಿನ ಕಳೆದರೆ ನಮ್ಮ ವಿಮಾನ. ತಾಂತೆ ರಿಯಾ ಚಿತ್ರವನ್ನೂ ನಮ್ಮ ತಟ್ಟೆಗಳನ್ನೂ ನೋಡುತ್ತಾ, ಈ ಹಬ್ಬ ಯಾವುದರದ್ದು ಎಂದು ನನ್ನನ್ನು ಕೇಳಿದರು. ನಾನು ಗೋಡೆಯ ಕಡೆ ಕೈ ತೋರಿಸಿದೆ. ಆಕೆಗೆ ಆಶ್ಚರ್ಯವೋ ಆಶ್ಚರ್ಯ. ಇಷ್ಟು ವರ್ಷ ಬಂದುಹೋದರೂ ಅದು ನಮ್ಮ ಕಥೆಯೂ ಹೌದೆಂದು ಆಕೆಗೆ ತಿಳಿದಿರಲಿಲ್ಲ. ಅಬ್ಬಾನಿಗೆ ಹುರುಪು ಬಂತು. ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳುವುದು, ನಾನು ಡಚ್ಚಿಗೆ ತಿರುಗಿಸುವುದು. ಇಬ್ರಾಹಿಂರಿಗೆ ಕನಸು ಬಿತ್ತು ಎಂದು ಹೇಳಿದೆ. ಕನಸಿನಲ್ಲಿ ಮಗನನ್ನು ಬಲಿ ಕೊಡುತ್ತಿರುವುದು ಕಂಡಿತು ಎಂದು ಹೇಳಿದೆ. ತಾಂತೆ ರಿಯಾ ನಡುವೆ ಬಾಯಿ ಹಾಕಿದರು: ನಮ್ಮ ಬೈಬಲ್ಲಿನಲ್ಲಿ ಹುಡುಗ ಬೆಟ್ಟ ಹತ್ತುತ್ತಾ, ಅಪ್ಪಾ, ಕಟ್ಟಿಗೆ ಇದೆ ಬೆಂಕಿ ಇದೆ, ಕುರಿ ಎಲ್ಲಿ ಎಂದು ಕೇಳುತ್ತಾನೆ, ಅಪ್ಪ ನಿಜ ಹೇಳುವುದೇ ಇಲ್ಲ, ನನ್ನ ಗಂಡನಿಗೆ ಅದೊಂದು ಸಂಕಟವಾಗುತ್ತಿತ್ತು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಅಬ್ಬಾ ಚಮಚ ಕೆಳಗಿಟ್ಟು ನೆಟ್ಟಗೆ ಕುಳಿತರು.

"ನಮ್ಮಲ್ಲಿ ಹಂಗಿಲ್ಲ ಅಂತ ಹೇಳು. ನಮ್ಮಲ್ಲಿ ಅವರು ಮೊದಲು ಮಗನನ್ನ ಕೂರಿಸಿಕೊಂಡು ಕೇಳಿದ್ರು. ಮಗನೇ, ಇಂಥ ಕನಸು ಬಿದ್ದಿದೆ, ನೀನೇನಂತೀಯ ಅಂತ. ಮಗ ಒಪ್ಪಿದ ಮೇಲೇ ಕರ್ಕೊಂಡು ಹೋಗಿದ್ದು. ಹೇಳು ಅವರಿಗೆ, ನಮ್ಮಲ್ಲಿ ಜಬರ್ದಸ್ತಿ ಇಲ್ಲ ಅಂತ."

ನಾನು ತಾಂತೆ ರಿಯಾಳ ಕಡೆ ತಿರುಗಿದೆ. ಡಚ್ ಪದಗಳೆಲ್ಲ ನಾಲಿಗೆಯ ಮೇಲೇ ಇದ್ದವು. ಬಾಯಿ ತೆರೆದರೆ ಅಳು ಬಂತು.

"ಹೇಳೇ" ಎಂದರು ಅಬ್ಬಾ.

"ನೀವು ನನ್ನನ್ನ ಕೇಳ್ಲೇ ಇಲ್ಲವಲ್ಲ ಅಬ್ಬಾ."

"ಏನು?"

"ಅವರು ಮಗನ್ನ ಕೇಳಿದ್ರು. ನೀವು ನನ್ನನ್ನ ಕೇಳ್ಲಿಲ್ಲ. ಸೈಕಲ್ ಮೇಲೆ ಹೇಳಿದ್ರಿ ಅಷ್ಟೇ."

"ಏ ಹುಡುಗಿ, ಹಬ್ಬದ ದಿನ ಅಳ್ತಾರೇನ? ಬಾಯಿ ಮುಚ್ಚು" ಎಂದರು ದಾದಿ. ಅಬ್ಬಾನ ಮುಖ ಕೆಂಪಾಗಿತ್ತು. ಅದು ಬೇರೆ ಇದು ಬೇರೆ ಎಂದೋ ಏನೋ ಹೇಳಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ, ಇದೇ ಮೊದಲ ಸಲ ನನ್ನ ಮುಖ ನೋಡಿಕೊಂಡು ಕೇಳಿದರು:

"ಈಗ ಕೇಳ್ತೀನಿ. ಹೋಗ್ತೀಯಾ?"

"ಇಲ್ಲ."

ಇಸ್ಮಾಯಿಲ್ ಒಪ್ಪಿಕೊಂಡಿದ್ದ, ನಾನು ಒಪ್ಪಲಿಲ್ಲ. ಅಮ್ಮಿ ಬಿರಿಯಾನಿ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ಆಸ್ಪತ್ರೆಯಿಂದ ಬಂದ ಮೇಲೆ ಅವರ ದನಿಯನ್ನು ಅಷ್ಟು ಗಟ್ಟಿಯಾಗಿ ಕೇಳಿದ್ದು ಆಗಲೇ.

"ಮಗನನ್ನ ಕೇಳಿದ್ರು, ಸರಿ. ತಾಯಿ ಹಾಜರಾನ್ನ ಕೇಳಿದ್ರಾ?"

ದಾದಿಗೆ ಕಥೆ ಬಾಯಿಪಾಠ. ಸೊಸೆಯ ಕಡೆ ತಿರುಗಿಯೂ ನೋಡದೆ ಹೇಳಿದರು:

"ಕೇಳೂದೇನೈತಿ ದುಲ್ಹನ್? ಆಕಿಗೆ ಗೊತ್ತಿತ್ತು. ಸೈತಾನ ಹೋಗಿ ಆಕಿಗೆ ಹೇಳಿದ್ನಲ್ಲ, ನಿನ್ನ ಮಗನ್ನ ಕಡಿಯಾಕ ಒಯ್ದಾನ ನಿನ್ನ ಗಂಡ ಅಂತ."

"ಹೌದಲ್ವಾ" ಎಂದರು ಅಮ್ಮಿ. ಪಾತ್ರೆಯನ್ನು ಮೇಜಿನ ಮೇಲಿಟ್ಟರು. "ಹಾಜರಾಗೆ ಸೈತಾನನಾದ್ರೂ ಬಂದು ಹೇಳಿದ. ನನಗೆ ಟಿಕೆಟ್ ಆಗೋವರೆಗೂ ಯಾರೂ ಹೇಳ್ಲಿಲ್ಲ."

ಅಬ್ಬಾ ತಲೆ ತಗ್ಗಿಸಿದರು. ಅಮ್ಮಿ ಅವರ ತಟ್ಟೆಗೆ ಬಡಿಸತೊಡಗಿದರು. ಬಡಿಸುತ್ತಾ ಬಡಿಸುತ್ತಾ ಮಾಮೂಲಿ ದನಿಯಲ್ಲಿ, ಉಪ್ಪು ಬೇಕಾ ಎಂದು ಕೇಳುವವರಂತೆ, ಮುಗಿಸಿದರು:

"ನನ್ನ ಮಗಳು ಎಲ್ಲಿಗೂ ಹೋಗಲ್ಲ. ಇಸ್ಮಾಯಿಲ್ ಅನ್ಲಿ, ಇಸಾಕ್ ಅನ್ಲಿ, ಇಬ್ಬರೂ ನಮಗೆ ಪೈಗಂಬರರೇ. ನಾನು ಕೂರಿಸ್ಕೊಂಡು ಹೇಳ್ಕೊಡ್ತೀನಿ. ಎರಡಲ್ಲ, ನಾಲ್ಕು ಮಕ್ಕಳಾದ್ರೂ ನಾನೇ ನೋಡ್ಕೋತೀನಿ."

ಪಾಪ ತಾಂತೆ ರಿಯಾ, ಒಬ್ಬರಿಂದೊಬ್ಬರಿಗೆ ನೋಡಿ ನೋಡಿ ಸಾಕಾಗಿ, ಅಮ್ಮ ಏನು ಹೇಳಿದರು ಎಂದು ನನ್ನ ತೋಳು ಮುಟ್ಟಿ ಕೇಳಿದರು. ನಾನು ಇನ್ನೂ ಬಿಕ್ಕುತ್ತಿದ್ದೆ. ಅಬ್ಬಾ ನನಗೆ ಕಾಯಲಿಲ್ಲ. ತಮಗೆ ಬರುತ್ತಿದ್ದ ನಾಲ್ಕಾರು ಡಚ್ ಪದಗಳನ್ನು ಹುಡುಕಿ ಕೂಡಿಸಿ, ಹುಡುಗಿ ಇಲ್ಲೇ ಇರುತ್ತಾಳೆ ಎಂದು ತಾವೇ ಹೇಳಿದರು. ಆಕೆ "ಒಳ್ಳೆಯದಾಯಿತು" ಎಂದು ನಕ್ಕರು. ನಾನು ಎಲ್ಲಿಗಾದರೂ ಹೊರಟಿದ್ದೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ.

"ಏನಂದಿ ಆಕಿಗೆ?" ದಾದಿ ಮಗನನ್ನು ಕೇಳಿದರು.

ಡಚ್ಚಿನಲ್ಲಿ ಹೇಳುವುದು ಸುಲಭವಿತ್ತು. ಅಬ್ಬಾ ಒಮ್ಮೆ ಅಮ್ಮಿಯನ್ನು ನೋಡಿದರು, ನನ್ನನ್ನು ನೋಡಿದರು. ನೀರು ಕುಡಿದರು.

"ಅಮ್ಮಾ, ರೇಷ್ಮಾ ಇಲ್ಲೇ ಇರ್ತಾಳ. ನಿನ್ನ ಜೋಡಿ ಬರೂದಿಲ್ಲ."

ದಾದಿ ಮಗನ ಮುಖವನ್ನು ಗುರುತು ಹಿಡಿಯುವವರ ಹಾಗೆ ನೋಡಿದರು. ಬೈಯಲಿಲ್ಲ. ತುಟಿಯನ್ನು ಸೆರಗಿನಿಂದ ಒತ್ತಿಕೊಂಡರು. ಅವರಿಗೆ ನೋವಾಗಿತ್ತು, ಅದನ್ನು ಮುಚ್ಚಿಡಲೂ ಅವರಿಗೆ ಬರುತ್ತಿರಲಿಲ್ಲ. ಆಮೇಲೆ ತಮ್ಮ ತಟ್ಟೆಯಲ್ಲಿದ್ದ ಮಾಂಸದ ದೊಡ್ಡ ತುಂಡನ್ನು ಎತ್ತಿ, ಇನ್ನೂ ನಿಂತೇ ಇದ್ದ ಅಮ್ಮಿಯ ಖಾಲಿ ತಟ್ಟೆಗೆ ಹಾಕಿದರು.

"ಕುಂದ್ರು ದುಲ್ಹನ್, ಉಣ್ಣು" ಎಂದರು. "ಇಷ್ಟ ಮಾತಾಡಾಕ ಮೈಯಾಗ ಶಕ್ತಿ ಬೇಕು."